ಒಳ್ಳೆಯ ಕಾಲಿಗೆ ಕಟ್ಟಿದ ಬಟ್ಟೆ

"ವಸ್ತಾದ್ರೇ, ನನ್ನ ಮೊಣಕಾಲು ಉಳುಕಿದೆ. ಮನೆಯವಳಿಗೆ ಹೇಳಲೋ ಬೇಡವೋ? ಅವಳು ನಾಲ್ಕು ಜನರ ಹತ್ತಿರ ಆಡಿದರೆ ಎದುರಾಳಿಗೆ ಗೊತ್ತಾಗಿಬಿಡುತ್ತೆ" ಎಂದು ಶಿಷ್ಯ ಕೇಳಿದ.

ಗರಡಿಯ ವಸ್ತಾದರು ಈ ಕತೆ ಹೇಳಿದರು.

ಒಬ್ಬ ಪೈಲ್ವಾನ ಇದ್ದ. ಕುಸ್ತಿಯ ದಿನ ಹತ್ತಿರ ಬಂದಿತ್ತು. ತಾಲೀಮು ಮಾಡುವಾಗ ಅವನ ಬಲಗಾಲು ಮಣ್ಣಲ್ಲಿ ಸಿಕ್ಕಿಕೊಂಡಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೊಣಕಾಲೊಳಗೆ ಟಕ್ ಅಂದಿತು. ಮೂಳೆಗೆ ಮೂಳೆ ಹಿಡಿದಿಡುವ ನಾರು ಅರ್ಧ ಹರಿದಿತ್ತು.

ಬಟ್ಟೆ ಕಟ್ಟಿದ್ದೇ ನೋವಿನ ಕಾಲೆಂದು ಎದುರಾಳಿ ಅದಕ್ಕೇ ಕೈ ಹಾಕುತ್ತಾನೆ. ಅದಕ್ಕೆ ಕೆಲವು ಪೈಲ್ವಾನರು ಒಳ್ಳೆಯ ಕಾಲಿಗೆ ಬಟ್ಟೆ ಕಟ್ಟುವುದುಂಟು. ಇವನೂ ಎಡಗಾಲಿಗೆ ಕಟ್ಟಿದ. ಹಾಗೆಯೇ ಮನೆಗೆ ಹೋದ.

ಹೆಂಡತಿ ನೋಡಿದಳು.

"ಮತ್ತೆ ಮುರ್ಕೊಂಡು ಬಂದ್ರಾ? ಚಾಚಿ ಇಲ್ಲಿ."

ಅವನು ಎಡಗಾಲು ಚಾಚಿದ.

ಅವಳು ದಿನವೂ ಹರಳೆಣ್ಣೆ ಕಾಯಿಸಿ ತಿಕ್ಕಿದಳು. ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದಳು. "ಇಷ್ಟು ತಿಕ್ಕಿದ್ರೆ ಒರಳುಕಲ್ಲೂ ಎದ್ದು ಓಡುತ್ತೆ" ಎಂದು ನಕ್ಕಳು. ಅವನೂ ನಕ್ಕ. ಅವಳಿಗೆ ಗೊತ್ತಾಗಬಾರದೆಂದು ಬಲಗಾಲು ಮಡಿಸಿ ಊಟಕ್ಕೆ ಕೂತ. ಅದರ ಮೇಲೆಯೇ ಭಾರ ಹಾಕಿ ಎದ್ದ. ಹರಿದ ನಾರಿಗೆ ಬಿಡುವು ಸಿಗಲಿಲ್ಲ.

ಕುಸ್ತಿಯಲ್ಲಿ ಎದುರಾಳಿ ಎಡಗಾಲಿಗೇ ಬಂದ. ಇವನು ಅವನನ್ನು ಎತ್ತಿ ಚಿತ್ ಮಾಡಿದ. ಗೆದ್ದ. ಎತ್ತುವಾಗ ಭಾರವೆಲ್ಲ ಬಲಗಾಲಿಗೆ ಬಿತ್ತು. ಉಳಿದ ನಾರೂ ಹರಿಯಿತು. ಆಮೇಲೆ ಅವನು ನೆಟ್ಟಗೆ ನಡೆಯಲೇ ಇಲ್ಲ.

ಹೆಂಡತಿ ಆ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. "ಆ ಕಾಲನ್ನೇ ನೋಡ್ತಾ ಕೂತೆ. ಇದನ್ನ ನೋಡಲೇ ಇಲ್ಲ. ನಂದೇ ತಪ್ಪು" ಎಂದಳು.

ನಿಂದಲ್ಲ ಎಂದು ಅವನು ಹೇಳಬೇಕಿತ್ತು. ನಾಚಿಕೆಯಾಯಿತು. ಇನ್ನೊಂದು ದಿನ ಹೇಳೋಣ ಎಂದುಕೊಂಡ. ಆ ವರ್ಷವೇ ಅವಳಿಗೆ ಜ್ವರ ಬಂತು. ಜ್ವರದಲ್ಲೂ "ಕಾಲಿಗೆ ಎಣ್ಣೆ ಹಚ್ಕೊಂಡ್ರಾ?" ಎಂದು ಕೇಳಿದಳು. ಹಾಸಿಗೆಯಿಂದ ಏಳಲಿಲ್ಲ. ತಪ್ಪು ತನ್ನದೇ ಎಂದುಕೊಂಡೇ ತೀರಿಹೋದಳು.

ವಸ್ತಾದರು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆದರೂ ಎದುರಾಳಿ ಮೋಸ ಹೋದನಲ್ಲ, ವಸ್ತಾದ್ರೇ?"

"ಹೋದ. ಮೋಸ ಹೋದ ಇಬ್ಬರಲ್ಲಿ ಅವನೊಬ್ಬನೇ ಎದುರಾಳಿ."