ಬೈಗುಳ ತರಲು ಹೋದವಳು

ಹೊಳೆ ಕಡಲಿಗೆ ಸೇರುವ ಕಡೆ ಹೊನ್ನಯ್ಯ ಗುರುಗಳ ಆಶ್ರಮವಿತ್ತು. ಅಲ್ಲಿ ಮಂತ್ರಕ್ಕಿಂತ ಉಳಿ, ಕೊಡಲಿ, ಮಚ್ಚುಗಳ ಸದ್ದೇ ಹೆಚ್ಚು. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಅಲ್ಲಿ ಕಸುಬು ಕಲಿಯುತ್ತಿದ್ದರು.

ಕಲಿಕೆ ಮುಗಿದವರಿಗೆ ಗುರುಗಳು ಕೈಯಾರೆ ಅವರವರ ಕಸುಬಿನ ಒಂದು ಹತಾರ ಕೊಡುತ್ತಿದ್ದರು. ಅದು ಸಿಕ್ಕಿದವರು ಸ್ವಂತ ಅಂಗಡಿ ಇಡಬಹುದು. ಸಿಗದವರು ಇನ್ನೊಬ್ಬರ ಕೈಕೆಳಗೆ ದುಡಿಯಬೇಕು.

ಬಿದಿರು ಸೀಳಿ ಬುಟ್ಟಿ ಹೆಣೆಯುವ ದುರ್ಗಿ ಬಂದು ಮೂರು ವರ್ಷವಾಗಿತ್ತು. ಹೊಳೆಯಾಚೆಯ ಊರಲ್ಲಿ ಅವಳ ಅಮ್ಮ ಮಗಳ ಅಂಗಡಿಗೆಂದು ಜಗಲಿ ಖಾಲಿ ಮಾಡಿಟ್ಟು ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಹುಡುಗಿ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಗುರುಗಳೇ, ನನ್ನ ಮಚ್ಚು ಯಾವಾಗ ಕೊಡ್ತೀರಿ?"

ಅವಳ ಕೈಲಿದ್ದ ಬುಟ್ಟಿಯೋ, ಏನು ಹೇಳಲಿ! ಕೂದಲೆಳೆಯಂಥ ಸೀಳು, ಅಂಚಿನ ಸುತ್ತ ನವಿಲುಗಳ ಸಾಲು. ಗುರುಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನು ಹೊಗಳಿದವರು ಎಷ್ಟು ಮಂದಿ?"

"ನೋಡಿದವರೆಲ್ಲ ಹೊಗಳಿದ್ದಾರೆ."

"ಬೈದವರು?"

"ಒಬ್ಬರೂ ಇಲ್ಲ!" ದುರ್ಗಿ ಎದೆಯುಬ್ಬಿಸಿ ಹೇಳಿದಳು.

"ಅಯ್ಯೋ ಪಾಪ," ಎಂದರು ಗುರುಗಳು. "ಹೋಗು, ಒಂದು ಬೈಗುಳ ತಗೊಂಡು ಬಾ."

ಇದೆಂಥ ಮಾತು! ದುರ್ಗಿ ಬುಟ್ಟಿ ಹೊತ್ತು ದೋಣಿಗಟ್ಟಕ್ಕೆ ಹೋಗಿ ಕುಳಿತಳು. ದೋಣಿ ಇಳಿದವರೆಲ್ಲ ನಿಂತು ನೋಡಿದರು. "ಎಷ್ಟು ಚೆಂದ ಮಾರಾಯ್ತಿ!" ಎಂದು ಹೇಳಿ ತಮ್ಮ ದಾರಿ ಹಿಡಿದರು. ಮೂರು ದಿನ ಇದೇ ಕಥೆ. ಮೂರನೆಯ ದಿನ ಸಂಜೆ ಅವಳಿಗೆ ಅಳುವೇ ಬಂತು.

ನಾಲ್ಕನೆಯ ದಿನ ಗುರುಗಳೇ ದೋಣಿಗಟ್ಟಕ್ಕೆ ಬಂದರು. ಮೀನು ಮಾರುವ ಪದ್ದಕ್ಕ ಬುಟ್ಟಿ ಹೊತ್ತು ಸಂತೆಗೆ ಹೊರಟಿದ್ದಳು. ಗುರುಗಳು ಅವಳನ್ನು ನಿಲ್ಲಿಸಿ, ಅರ್ಧ ಮೀನನ್ನು ನವಿಲಿನ ಬುಟ್ಟಿಗೆ ಸುರಿದು, ಅದನ್ನೆತ್ತಿ ದುರ್ಗಿಯ ತಲೆ ಮೇಲಿಟ್ಟರು.

"ಪದ್ದಕ್ಕನ ಹಿಂದೆ ನಡಿ."

ಸಂತೆಗೆ ಎರಡು ಹರದಾರಿ. ಮೊದಲ ತಿರುವಿನಲ್ಲೇ ಮೀನಿನ ನೀರು ಕುತ್ತಿಗೆಗೆ ಇಳಿಯಿತು, ಆಮೇಲೆ ಬೆನ್ನಿಗೆ. ನೊಣಗಳು ಮುತ್ತಿಕೊಂಡವು. ಎರಡೂ ಕೈ ಬುಟ್ಟಿ ಹಿಡಿದಿರುವಾಗ ಒರೆಸಿಕೊಳ್ಳುವುದಾದರೂ ಹೇಗೆ? ಸಂತೆ ಕಣ್ಣಿಗೆ ಬೀಳುವ ಹೊತ್ತಿಗೆ ದುರ್ಗಿಗೆ ತಡೆಯಲಾಗಲಿಲ್ಲ.

"ಥೂ! ಯಾವ ಮೂದೇವಿ ಹೆಣೆದಳೋ ಈ ಬುಟ್ಟಿನ!"

ಪದ್ದಕ್ಕ ನಡು ಹಿಡಿದುಕೊಂಡು ನಕ್ಕಳು. "ಈ ಕರ್ಮ ನನಗೆ ಮೂವತ್ತು ವರ್ಷದಿಂದ ಇದೆ ಮಗಾ. ಮಳೆಗಾಲವೋ ಬೇಸಿಗೆಯೋ, ನನ್ನ ಬೆನ್ನು ಒಣಗಿದ್ದೇ ಇಲ್ಲ."

ದುರ್ಗಿ ಪದ್ದಕ್ಕನ ಒದ್ದೆ ಬೆನ್ನನ್ನೇ ನೋಡಿದಳು. ದೋಣಿಗಟ್ಟದಲ್ಲಿ ದಿನವೂ ಈ ಹೆಂಗಸನ್ನು ನೋಡಿದ್ದಳು. ಅವಳ ಬೆನ್ನನ್ನು ಮಾತ್ರ ಇಲ್ಲಿಯವರೆಗೆ ನೋಡಿರಲಿಲ್ಲ.

ಆಶ್ರಮಕ್ಕೆ ಮರಳಿದಾಗ ಮೀನಿನ ವಾಸನೆಗೆ ಜೊತೆಯವರೆಲ್ಲ ದೂರ ಸರಿದರು. ಗುರುಗಳು ಮಾತ್ರ ಹತ್ತಿರ ಬಂದರು.

"ಬೈಗುಳ ಸಿಕ್ಕಿತಾ?"

"ಸಿಕ್ಕಿತು ಗುರುಗಳೇ. ನಾನೇ ಬೈದೆ."

"ಪರವಾಗಿಲ್ಲ, ಶುರುವಾಯಿತು. ಉಳಿದದ್ದನ್ನು ಬೇರೆಯವರ ಬಾಯಲ್ಲಿ ಕೇಳಿಸಿಕೋ."

ದುರ್ಗಿ ಹೊಸ ಬುಟ್ಟಿ ಹೆಣೆಯಲು ಕುಳಿತು ಎಂಟು ದಿನ ತಲೆಯೆತ್ತಲಿಲ್ಲ. ಈ ಸಲ ನವಿಲಿಲ್ಲ, ಬಳ್ಳಿಯಿಲ್ಲ. ತಳವನ್ನು ಬಿಗಿಯಾಗಿ ಹೆಣೆದು, ನೀರು ಸೋರದಂತೆ ರಾಳ ಬಳಿದಳು. ಹಿಂಬದಿಗೆ ತುಸು ಇಳಿಜಾರು ಕೊಟ್ಟು ಗೇಣುದ್ದದ ಬಿದಿರಿನ ಕೊಳವೆ ಸಿಕ್ಕಿಸಿದಳು. ಮೀನು ತುಂಬಿ ತಾನೇ ಹೊತ್ತು ನಡೆದಳು. ನೀರು ಬೆನ್ನು ಮುಟ್ಟದೆ ಹಿಂದೆ ದಾರಿಗೆ ಬಿತ್ತು. ಹುಡುಗಿ ನಿಂತಲ್ಲೇ ಒಂದು ಸುತ್ತು ಕುಣಿದು, ಓಡಿಹೋಗಿ ಬುಟ್ಟಿಯನ್ನು ಪದ್ದಕ್ಕನಿಗೆ ಕೊಟ್ಟಳು.

ಒಂದು ದಿನ ಸುದ್ದಿಯಿಲ್ಲ. ಎರಡು ದಿನ ಸುದ್ದಿಯಿಲ್ಲ. ಬುಟ್ಟಿ ಮುರಿಯಿತೋ ಏನೋ ಎಂದು ದುರ್ಗಿಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಆಶ್ರಮದ ಬಾಗಿಲಲ್ಲಿ ಗಲಾಟೆಯೋ ಗಲಾಟೆ! ಪದ್ದಕ್ಕನ ಹಿಂದೆ ಹನ್ನೆರಡು ಮಂದಿ ಮೀನುಗಾರ ಹೆಂಗಸರು ನಿಂತಿದ್ದರು.

"ಎಲ್ಲಿ ಆ ದುರ್ಗಿ? ಹದಿಮೂರು ತಲೆಗೆ ಒಂದೇ ಬುಟ್ಟಿ ಕೊಟ್ಟಿದ್ದಾಳಲ್ಲ, ಬುದ್ಧಿ ಇದೆಯಾ ಅವಳಿಗೆ? ಬೆಳಗಾದರೆ ಅದಕ್ಕೇ ಕಿತ್ತಾಟ!" ಎಂದು ಒಬ್ಬಳು ಕೂಗಾಡಿದಳು.

"ಕೊಳವೆ ಇನ್ನಷ್ಟು ಉದ್ದ ಬೇಕು, ನನ್ನ ಹಿಮ್ಮಡಿ ನೆನೆಯುತ್ತದೆ!" ಎಂದಳು ಇನ್ನೊಬ್ಬಳು.

"ನಿನ್ನ ಅಂಗಡಿ ಎಲ್ಲಿ ಹೇಳು ಮಾರಾಯ್ತಿ, ಅಲ್ಲೇ ಬಂದು ಕೂರ್ತೇವೆ!"

"ಹೊಳೆಯಾಚೆ, ನಮ್ಮ ಮನೆ ಜಗಲಿಯಲ್ಲಿ!" ದುರ್ಗಿ ಸಂತೋಷಕ್ಕೆ ಕೂಗಿಬಿಟ್ಟಳು. ಮರುಗಳಿಗೆ ನಾಲಿಗೆ ಕಚ್ಚಿಕೊಂಡು ಗುರುಗಳತ್ತ ತಿರುಗಿದಳು. ಇನ್ನೂ ಮಚ್ಚು ಸಿಕ್ಕಿರಲಿಲ್ಲವಲ್ಲ!

ಗುರುಗಳು ಆಗಲೇ ಮಚ್ಚು ಹಿಡಿದು ನಿಂತಿದ್ದರು. ಹೊಸ ಹಿಡಿ, ಮಸೆದ ಅಲಗು. ಅದನ್ನು ಅವಳ ಎರಡೂ ಅಂಗೈ ಮೇಲಿಟ್ಟರು. ದುರ್ಗಿಯ ಕಣ್ಣು ತುಂಬಿ ಬಂತು. ಕಾಲಿಗೆರಗಲು ಬಾಗಿದವಳನ್ನು ಗುರುಗಳು ಅರ್ಧದಲ್ಲೇ ತಡೆದು ಎಬ್ಬಿಸಿದರು.

"ನಮಸ್ಕಾರ ಆಮೇಲಾಗಲಿ, ಹೊರಡು ಮಗಳೇ. ಬೈಯುವವರನ್ನು ಕಾಯಿಸಬಾರದು."