ದೀಪ ದೊಡ್ಡದು ಮಾಡು

ಒಣ ಬೆಟ್ಟದ ಮೇಲೊಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ದೀಪ.

ಗುರುಗಳ ಗುರುಗಳು ಹಚ್ಚಿದ ದೀಪ ಅದು. ಇವತ್ತಿನವರೆಗೂ ಆರಿಲ್ಲ ಅಂತ ಬೆಟ್ಟದ ಬುಡದಲ್ಲಿ ಬೋರ್ಡು ಬೇರೆ ಹಾಕಿದ್ದರು.

ಶಿಷ್ಯನ ಹೆಸರು ಶಂಭುಲಿಂಗ. ಮೂವತ್ತು ದಾಟಿದವನು, ಪೇಟೆಯಲ್ಲಿ ಹುಟ್ಟಿ ಬೆಳೆದವನು.

ಮೊದಲು ಅವನಿಗೆ ಅಡುಗೆ ಕೊಟ್ಟರು. ಪಾತ್ರೆ ತೂತಾಯ್ತು. ಹಸು ಕೊಟ್ಟರು. ಅದು ಪಕ್ಕದ ಬೆಟ್ಟದ ಆಶ್ರಮ ಸೇರಿಕೊಂಡಿತು, ಕರೆದರೂ ಬರಲಿಲ್ಲ. ಬಾವಿ ನೋಡ್ಕೋ ಅಂದರು. ಬಾವಿ ಇತ್ತು, ಬಿಂದಿಗೆ ಹೋಯ್ತು.

ಕೊನೆಗೆ ಗುರುಗಳು ದೀಪ ಕೊಟ್ಟರು.

"ಇದು ಎಲ್ಲೂ ಓಡಿ ಹೋಗಲ್ಲ" ಅಂದರು.

ಶಂಭುಲಿಂಗನಿಗೆ ಕಣ್ಣು ತುಂಬಿ ಬಂತು. ಅವನಿಗೆ ಹೋಗೋಕೆ ಬೇರೆ ಮನೆ ಇರಲಿಲ್ಲ. ಈ ಬೆಟ್ಟದಲ್ಲಿ, ಈ ಮುದುಕರ ಜೊತೆ ಇದ್ದುಬಿಡಬೇಕು ಅನ್ನೋದೊಂದೇ ಆಸೆ. ದೀಪವೂ ಕೈಬಿಟ್ಟರೆ ತನಗೆ ಕೊಡೋಕೆ ಆಶ್ರಮದಲ್ಲಿ ಇನ್ನೇನೂ ಉಳಿದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಶಿವರಾತ್ರಿ ಕಳೀತು. ಬೆಟ್ಟದ ಹುಲ್ಲೆಲ್ಲ ಒಣಗಿ ಹಪ್ಪಳದಂತಾಯ್ತು.

"ಶಂಭು, ಬೆಂಕಿ ಕಾಲ ಬಂತು. ಮನೆ ಸುತ್ತ ಒಣಗಿದ್ದೆಲ್ಲ ತೆಗಿ" ಅಂದರು ಗುರುಗಳು.

"ಆಯ್ತು ಬುದ್ಧಿ" ಅಂದ ಶಂಭುಲಿಂಗ. ಆ ಸೀಮೆಯಲ್ಲಿ ಗುರುಗಳನ್ನ ಕರೆಯೋದೇ 'ಬುದ್ಧಿ' ಅಂತ.

ಗುಡಿಸಿದ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಮತ್ತೆ ತರಗೆಲೆ.

"ನಿನ್ನೆ ತಾನೇ ಗುಡಿಸಿದ್ದೆ ಬುದ್ಧಿ."

"ನನಗೆ ಹೇಳಿದ್ರೆ? ಮರಕ್ಕೆ ಹೇಳು."

ಮತ್ತೆ ಗುಡಿಸಿದ. ಸೌದೆ ರಾಶಿ ಗೋಡೆಗೆ ಒರಗಿಸಿದ್ದ. ಗುರುಗಳು ಅದನ್ನ ನೋಡಿದರು.

"ಇಲ್ಲಿ ಯಾಕಿಟ್ಟೆ?"

"ಮಳೆ ಬಂದ್ರೆ ನೆನೀಬಾರದು ಅಂತ ಬುದ್ಧಿ."

ಗುರುಗಳು ತಲೆಯೆತ್ತಿ ಆಕಾಶ ನೋಡಿದರು. ಬಿಸಿಲಿಗೆ ಕಣ್ಣು ಕಿರಿದಾಯ್ತು. ಶಂಭುಲಿಂಗ ಸೌದೆ ಹೊತ್ತು ದೂರ ಹಾಕಿದ.

ಬೇವಿನ ಮರದ್ದೊಂದು ಕೊಂಬೆ ಮನೆಯ ಹೆಂಚಿನ ಮೇಲೆ ಚಾಚಿಕೊಂಡಿತ್ತು.

"ಅದನ್ನ ಕಡಿ."

"ಪಾಪ, ನೆರಳು ಕೊಡುತ್ತೆ ಬುದ್ಧಿ."

"ಬೆಂಕಿಗೆ ಏಣೀನೂ ಕೊಡುತ್ತೆ."

ಶಂಭುಲಿಂಗ ಏಣಿ ಹಾಕಿ ಸೂರು ಹತ್ತಿ ಕೊಂಬೆ ಕಡಿದ. ಕೊಂಬೆ ಬಿತ್ತು. ಏಣಿಯ ಮೇಲೆ ಬಿತ್ತು. ಮಧ್ಯಾಹ್ನದವರೆಗೂ ಅವನು ಸೂರಿನ ಮೇಲೇ ಇದ್ದ.

ಕೆಳಗಿನ ಹಟ್ಟಿಯ ಕೇತಮ್ಮ ಮೇಕೆ ಹೊಡ್ಕೊಂಡು ಬಂದಳು. ಆಶ್ರಮದ ಸುತ್ತಲಿನ ಹುಲ್ಲು ಬೋಳಿಸೋದು ಅವಳ ಮೇಕೆಗಳ ಕೆಲಸ.

"ಏನ್ ಶಂಭಣ್ಣ, ತಪಸ್ಸಾ?"

"ಏಣಿ ಮುರೀತು ಅಕ್ಕ."

"ಸರಿ ಬಿಡು. ಮೇಲಕ್ಕೆ ಹೋದೋರು ಯಾರು ತಾನೇ ವಾಪಸ್ ಬಂದವ್ರೆ?"

ಅಷ್ಟು ಹೇಳಿ ಮೇಕೆ ಮೇಯಿಸೋಕೆ ಹೋದಳು. ಅವು ಮೇದಾದ ಮೇಲೆ ಹಗ್ಗ ತಂದು ಇಳಿಸಿದಳು.

ಇಳಿದವನು ಸೀದಾ ಗುರುಗಳ ಹತ್ತಿರ ಹೋದ.

"ಬುದ್ಧಿ, ನಾನು ಬಂದಿದ್ದು ಜ್ಞಾನಕ್ಕೆ. ಕಸ ಗುಡಿಸೋಕಲ್ಲ."

"ಜ್ಞಾನ ಬರುತ್ತಪ್ಪ. ಬಂದಾಗ ಕೂರೋಕೆ ಜಾಗ ಬೇಡ್ವಾ? ಗುಡಿಸು."

ಅಂಗಳ ಬೋಳು ಮಣ್ಣಾಗೋವರೆಗೂ ಗುಡಿಸಿದ. ಆಮೇಲೆ ಪೊರಕೆ ಇಳಿಸಿ ಬಂದು ನಿಂತ.

"ಒಣಗಿದ್ದು ಒಂದೂ ಉಳಿದಿಲ್ಲ ಬುದ್ಧಿ."

"ಒಂದೂ?"

"ಒಂದೂ."

ಗುರುಗಳು ದೀಪದ ಗುಡಿ ಕಡೆ ನೋಡಿದರು. "ಇನ್ನೊಂದ್ಸಲ ನೋಡು" ಅಂದರು.

ಶಂಭುಲಿಂಗ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಗ್ಗಿ ನೋಡಿದ. ಮೇಲೊಂದು ನೋಡಲಿಲ್ಲ. ದೀಪದ ನೆತ್ತಿಗೆ ಸರಿಯಾಗಿ ಸಂಕ್ರಾಂತಿಯ ಮಾವಿನ ತೋರಣ ಒಣಗಿ ಗಲಗಲ ಅಂತಿತ್ತು. ಹಬ್ಬಕ್ಕೆ ಅವನೇ ಕಟ್ಟಿದ್ದ. ಕಟ್ಟಿದ ಮೇಲೆ ಅದು ಅವನ ಪಾಲಿಗೆ ಎಲೆಯಾಗಿರಲಿಲ್ಲ, ತೋರಣವಾಗಿತ್ತು.

ಮಾರನೇ ದಿನ ಬೆಳಿಗ್ಗೆ, ಗಾಳಿಯಿಲ್ಲದ ತಂಪು ಹೊತ್ತಲ್ಲಿ, ಕೇತಮ್ಮ ಒಂದು ಪುಟ್ಟ ಮಡಕೆ ಹಿಡ್ಕೊಂಡು ಬಂದಳು. ಮಡಕೆ ತುಂಬ ಬೂದಿ.

"ದೀಪದಿಂದ ಒಂಚೂರು ಬೆಂಕಿ ಕೊಡು ಶಂಭಣ್ಣ. ಒಲೆ ಹಚ್ಚಬೇಕು."

"ಒಲೆ ಹಚ್ಚೋಕಾ? ಆರದ ದೀಪ ಅಕ್ಕ ಇದು! ನಿಮ್ಮನೇಲಿ ಬೆಂಕಿಪೊಟ್ಟಣ ಇಲ್ವಾ?"

"ಅದೆ. ಯಜಮಾನನ ಜೇಬಲ್ಲದೆ. ಯಜಮಾನ ಎಲ್ಲವ್ನೋ ಗೊತ್ತಿಲ್ಲ."

"ಕೊಡು ಶಂಭು" ಅಂದರು ಗುರುಗಳು, ಜಗಲಿಯಿಂದಲೇ.

ಒಲ್ಲದ ಮನಸ್ಸಲ್ಲಿ ಬೆರಣಿ ಚೂರೊಂದನ್ನ ದೀಪಕ್ಕೆ ಹಿಡಿದು ಹೊತ್ತಿಸಿ ಕೊಟ್ಟ. ಕೇತಮ್ಮ ಅದನ್ನ ಬೂದಿಯಲ್ಲಿ ಹೂತು, ಮುಚ್ಚಳ ಮುಚ್ಚಿ, ಹಸುಗೂಸಿನ ಥರ ಎದೆಗೆ ಅವಚಿಕೊಂಡು ಇಳಿದು ಹೋದಳು.

ದೀಪ ಏನಾದರೂ ಚಿಕ್ಕದಾಯ್ತಾ ಅಂತ ಶಂಭುಲಿಂಗ ಬಗ್ಗಿ ನೋಡಿದ. ಆಗಿರಲಿಲ್ಲ.

ಮಧ್ಯಾಹ್ನ ತಿರುಗಿತು. ಎದುರು ಗುಡ್ಡದಲ್ಲಿ ಹೊಗೆ ಕಾಣಿಸಿತು. ಗುರುಗಳು ಕೋಲೂರಿಕೊಂಡು ಅಂಗಳದ ಆ ತುದಿಗೆ ಹೋಗಿ ನಿಂತರು. ಅಷ್ಟರಲ್ಲಿ ಗಾಳಿ ಎದ್ದಿತು.

ಗುರುಗಳು ಅಲ್ಲಿಂದಲೇ ಕೂಗಿದರು.

"ಶಂಭೂ! ಗಾಳಿ ಎದ್ದಿದೆ! ದೀಪ ದೊಡ್ಡದು ಮಾಡೋ!"

ಗಾಳಿಗೆ ಆರಿ ಹೋದೀತು ಅಂತ ಎಷ್ಟು ಮುಂದಾಲೋಚನೆ ನಮ್ಮ ಗುರುಗಳಿಗೆ ಅಂತ ಶಂಭುಲಿಂಗ ಮೆಚ್ಚಿಕೊಂಡ. ಇದ್ದಬದ್ದ ಬತ್ತಿಯೆಲ್ಲ ಸೇರಿಸಿ ಹಗ್ಗದ ಹಾಗೆ ಹೊಸೆದ. ಎಣ್ಣೆ ಡಬ್ಬ ಪೂರ್ತಿ ಬಗ್ಗಿಸಿದ. ದೀಪ ಮೊಳದುದ್ದ ಎದ್ದಿತು.

"ಆಯ್ತೇನೋ?" ಗುರುಗಳ ಕೂಗು.

"ದೊಡ್ಡದಾಯ್ತು ಬುದ್ಧಿ!"

"ಪುಣ್ಯಾತ್ಮ!" ಅಂದರು ಗುರುಗಳು, ಸಮಾಧಾನವಾಗಿ.

ದೀಪ ಇನ್ನೊಂದು ಗೇಣು ಎದ್ದಿತು. ತೋರಣ ಸಿಕ್ಕಿತು. ತೋರಣದಿಂದ ಗುಡಿ ಮುಂದಿನ ಹುಲ್ಲಿನ ಚಪ್ಪರ ಸಿಕ್ಕಿತು.

ಗುರುಗಳು ತಿರುಗಿ ನೋಡಿದರು. ಅವರು ಓಡಿದ್ದನ್ನ ಶಂಭುಲಿಂಗ ಅವತ್ತೇ ಮೊದಲು ನೋಡಿದ್ದು.

ಹಣ್ಣು ಕೀಳೋ ದೋಟಿ ತಗೊಂಡು ಗುರುಗಳು ಚಪ್ಪರಕ್ಕೆ ಕೊಕ್ಕೆ ಹಾಕಿ ಎಳೆದರು. ಮೇಕೆ ಬಿಟ್ಟು ಬಂದ ಕೇತಮ್ಮ ಇನ್ನೊಂದು ಕಡೆಯಿಂದ ಎಳೆದಳು. ಶಂಭುಲಿಂಗ ಕೊಡ ಎತ್ತಿ ಚಪ್ಪರಕ್ಕೆ ಗುರಿಯಿಟ್ಟು ನೀರೆರಚಿದ. ಚಪ್ಪರಕ್ಕೆ ಒಂದು ಹನಿ ಬೀಳಲಿಲ್ಲ. ಅಷ್ಟೂ ನೀರು ಹೋಗಿ ದೀಪದ ಮೇಲೆ ಬಿತ್ತು.

ದೀಪ ಚೊಂಯ್ ಅಂತು.

ಚಪ್ಪರ ಅಂಗಳಕ್ಕೆ ಉರುಳಿತು. ಬೆಂಕಿ ಬೋಳು ಮಣ್ಣಿನ ಮೇಲೆ ಕೂತು ನಾಲ್ಕೂ ಕಡೆ ನೋಡಿತು. ಎಲೆ ಇಲ್ಲ, ಸೌದೆ ಇಲ್ಲ, ಕೊಂಬೆ ಇಲ್ಲ. ತಿನ್ನೋಕೆ ಏನೂ ಸಿಗದೆ ಕೂತಲ್ಲೇ ಸಣ್ಣಗಾಗಿ ಸತ್ತಿತು.

ಎದುರು ಗುಡ್ಡದ ಹೊಗೆಯೂ ಅಷ್ಟರಲ್ಲಿ ತೆಳ್ಳಗಾಗಿತ್ತು. ಗುರುಗಳ ಗಡ್ಡ ಒಂದು ಪಕ್ಕ ಸುಟ್ಟಿತ್ತು. ಬಲಗೈ ಬೊಬ್ಬೆ ಎದ್ದಿತ್ತು.

ಕೇತಮ್ಮ ಬೇಲಿಯಿಂದ ಲೋಳೆಸರ ಮುರಿದು ತಂದು ಕೈಗೆ ಸವರಿದಳು.

"ಗಾಳೀಲಿ ದೀಪ ಅಷ್ಟೆತ್ರ ಯಾಕಣ್ಣ ಹಚ್ಚಿದ್ದೆ?"

"ಬುದ್ಧಿಯೋರೇ ದೊಡ್ಡದು ಮಾಡು ಅಂದ್ರು."

ಕೇತಮ್ಮ ಅವನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

"ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಕಣಣ್ಣ! ದೀಪ ಆರಿಸು ಅಂತ ಯಾರಾದ್ರೂ ಬಾಯಿಬಿಟ್ಟು ಅಂತಾರಾ? ಅಪಶಕುನ ಅಲ್ವಾ? ಅದ್ಕೇ ಹಂಗನ್ನೋದು. ನಿಮ್ಮ ಪೇಟೇಲಿ ಏನಂತೀರಿ?"

"ಆಫ್ ಮಾಡು ಅಂತೀವಿ."

"ದಿನಾ ಬುದ್ಧಿ ಬುದ್ಧಿ ಅಂತ ಅಷ್ಟು ಕೂಗ್ತೀಯ. ಒಂಚೂರಾದ್ರೂ ಬರಬಾರದಾ?"

ಶಂಭುಲಿಂಗ ಒಳಗೆ ಹೋದ. ಚೀಲ ತುಂಬಿಕೊಂಡು ಹೊರಗೆ ಬಂದ. ಗುರುಗಳ ಪಾದ ಮುಟ್ಟಿದ.

"ಹೊರಡ್ತೀನಿ ಬುದ್ಧಿ."

"ಯಾಕೆ?"

"ನಿಮ್ಮ ಕೈ ಸುಟ್ಟೆ. ಗುರುಗಳ ಗುರುಗಳು ಹಚ್ಚಿದ ದೀಪ. ಅಷ್ಟು ಕಾಲದಿಂದ ಆರದೇ ಇದ್ದದ್ದು ನನ್ನ ಕೈಯಲ್ಲಿ ಆರಿತು."

"ಆರಿತು ಅಂತ ಯಾರಂದ್ರು?"

"ನಾನೇ ಅಲ್ವಾ ನೀರು ಹಾಕಿದ್ದು?"

"ಅದು ಕೇತಮ್ಮನ ಮನೇಲಿ ಸೊಪ್ಪಿನ ಸಾರು ಮಾಡ್ತಾ ಇದೆ" ಅಂದರು ಗುರುಗಳು.

ಶಂಭುಲಿಂಗ ಕೇತಮ್ಮನ ಕಡೆ ತಿರುಗಿದ. ಅವಳು ಹೌದು ಅಂತ ತಲೆಯಾಡಿಸಿದಳು.

"ಪ್ರತಿ ವರ್ಷ ಬೆಂಕಿ ಕಾಲಕ್ಕೆ ಅವಳ ಒಲೆಗೆ ಇಳಿಯುತ್ತೆ. ಮಳೆ ಬಿದ್ದ ಮೇಲೆ ವಾಪಸ್ ಹತ್ತುತ್ತೆ. ಜಡಿಮಳೇಲಿ ಅವಳ ಒಲೆ ನೆಂದು ಹೋದ್ರೆ ಇಲ್ಲಿಂದ ಹೋಗುತ್ತೆ. ಅವರಮ್ಮನ ಕಾಲದಿಂದಲೂ ಹಿಂಗೇ."

"ಮತ್ತೆ ಆ ಬೋರ್ಡು?"

"ಆರಿಲ್ಲ ಅಂತ ಬರೆದಿದೆ. ಇಲ್ಲೇ ಇದೆ ಅಂತ ಬರೆದಿದೆಯಾ?"

ಶಂಭುಲಿಂಗ ಕೆಳಗಿನ ಹಟ್ಟಿ ಕಡೆ ನೋಡಿದ.

"ಹಂಗಾದ್ರೆ ಈಗಲೇ ಹೋಗಿ ತಂದು, ಹಚ್ಚಿಟ್ಟು ಹೊರಡ್ತೀನಿ ಬುದ್ಧಿ. ಅಷ್ಟಾದ್ರೂ ಮಾಡ್ತೀನಿ."

"ಈ ಗಾಳೀಲಿ ಕೆಂಡ ಹಿಡ್ಕೊಂಡು ಬೆಟ್ಟ ಹತ್ತುತೀಯಾ?"

"ಮತ್ತೆ ಯಾವಾಗ?"

"ಮಳೆ ಬರಲಿ."

"ಮಳೆ ಬರೋವರೆಗೂ?"

"ಪೊರಕೆ ಅಲ್ಲೇ ಇದೆ."

ಶಂಭುಲಿಂಗ ಚೀಲವನ್ನ ಬಾಗಿಲ ಹಿಂದೆ ಇಟ್ಟ. ಬಿಚ್ಚಲಿಲ್ಲ.

ಗುಡಿಸಿದ. ಈಗ ಮೇಲೂ ನೋಡುತ್ತಿದ್ದ. ಹೆಂಚಿನ ಸಂದಿಯ ಎಲೆ ತೆಗೆದ, ಸೂರಿನ ಕೆಳಗಿನ ಹಳೇ ಗೂಡು ತೆಗೆದ, ಹಕ್ಕಿ ಇಲ್ಲ ಅಂತ ನೋಡಿಕೊಂಡೇ ತೆಗೆದ. ಬಾಗಿಲಲ್ಲಿ ತುಂಬಿದ ಕೊಡ ಇಟ್ಟ.

ಗುರುಗಳ ಬಲಗೈಗೆ ಬಟ್ಟೆ ಸುತ್ತಿತ್ತು. ಅವನೇ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸುತ್ತಿದ್ದ.

"ನಮ್ಮವ್ವ ಹೋದ ಮೇಲೆ ನನಗೆ ಹಿಂಗೆ ಯಾರೂ ತಿನ್ನಿಸಿರಲಿಲ್ಲ" ಅಂದರು ಗುರುಗಳು ಒಂದಿನ.

ಶಂಭುಲಿಂಗ ಇನ್ನೊಂದು ತುತ್ತು ಕಲಸಿ ಗುರುಗಳ ಬಾಯಿಗಿಟ್ಟ.

"ಆದ್ರೆ ನಮ್ಮವ್ವ ಉಪ್ಪು ಹಾಕ್ತಿದ್ಲು."

ಸಂಜೆ ಹೊತ್ತು ಅವನು ದೀಪವಿಲ್ಲದ ಗುಡಿ ಮುಂದೆ ಕೂರುತ್ತಿದ್ದ. ಕೆಳಗೆ ಹಟ್ಟಿಯಲ್ಲಿ ಕೇತಮ್ಮನ ಮನೆ ಸೂರಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅದನ್ನ ನೋಡಿ ಕೈ ಮುಗಿದು ಎದ್ದು ಬರುತ್ತಿದ್ದ. ಒಂದು ಸಲ ಕೇತಮ್ಮ ಅದನ್ನ ಕಂಡು, "ಇವತ್ತು ಹುರುಳಿಕಾಳು ಸಾರು ಕಣಣ್ಣ" ಅಂತ ಕೆಳಗಿಂದಲೇ ಕೂಗಿ ಹೇಳಿದಳು.

ಗುರುಗಳ ಕೈ ಮಾಯ್ತು. ಅನ್ನ ತಾವೇ ತಿನ್ನಬಹುದಿತ್ತು. ಬಟ್ಟೆ ಮಾತ್ರ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಮೋಡ ಕವಿದು ಮಳೆ ಹುಯ್ತು. ಬೆಟ್ಟ ಹಸೀ ಮಣ್ಣಿನ ವಾಸನೆ ಹೊಡೀತು.

ಮಳೆ ನಿಂತ ಮೇಲೆ ಶಂಭುಲಿಂಗ ಕೆಳಗೆ ಹೋದ. ಕೇತಮ್ಮ ಒಲೆಯಿಂದ ಕೆಂಡ ತೆಗೆದು, ಮಡಕೆಯ ಬೂದಿಯಲ್ಲಿ ಹೂತು, ಮುಚ್ಚಳ ಮುಚ್ಚಿ ಕೊಟ್ಟಳು.

"ಬೀಳಿಸ್ಬೇಡ ಶಂಭಣ್ಣ."

"ಇಲ್ಲ ಅಕ್ಕ."

"ನಿನ್ನ ಕಾಲು ನೋಡ್ಕೊಂಡು ನಡಿ. ಮಡಕೆ ತಾನೇ ಬರ್ತದೆ."

ಎದೆಗೆ ಅವಚಿಕೊಂಡು ಹತ್ತಿದ. ಎರಡು ಕಡೆ ಜಾರಿದ. ಮಡಕೆ ಬಿಡಲಿಲ್ಲ.

ಕೆಂಡ ಊದಿ, ಬತ್ತಿ ತಾಗಿಸಿದ. ದೀಪ ಹತ್ತಿತು. ಹಳೇ ದೀಪದ ಹಾಗೇ ಇತ್ತು. ಒಂಚೂರು ಸಾರಿನ ಒಗ್ಗರಣೆ ವಾಸನೆ ಬಂದ ಹಾಗಾಯ್ತು, ಅಷ್ಟೇ.

ಆಮೇಲೆ ಬಾಗಿಲ ಹಿಂದಿನ ಚೀಲ ತೆಗೆದ. ಅದರ ಹಿಡಿಯನ್ನ ಕೇತಮ್ಮನ ಮೇಕೆ ಯಾವಾಗಲೋ ತಿಂದುಹಾಕಿತ್ತು. ಚೀಲವನ್ನ ತಬ್ಬಿಕೊಂಡು ಗುರುಗಳ ಮುಂದೆ ನಿಂತ.

"ಮಳೆ ಬಂತು ಬುದ್ಧಿ. ದೀಪಾನೂ ಬಂತು."

"ಹ್ಞೂಂ."

"ಹೊರಡ್ಲಾ?"

ಗುರುಗಳು ಕೈಗೆ ಸುತ್ತಿದ್ದ ಬಟ್ಟೆಯನ್ನ ನಿಧಾನಕ್ಕೆ ಬಿಚ್ಚಿದರು. ಅದರಲ್ಲೇ ಶಂಭುಲಿಂಗನ ಹಣೆಗೆ ಮೆತ್ತಿದ್ದ ಬೂದಿ ಒರೆಸಿದರು.

"ಮುಂದಿನ ಬೇಸಿಗೆಗೆ ಕೇತಮ್ಮ ಮಡಕೆ ಹಿಡ್ಕೊಂಡು ಬರ್ತಾಳಲ್ಲ, ಅವಳಿಗೆ ಬೆಂಕಿ ಯಾರು ಕೊಡ್ತಾರೆ? ಕೊಟ್ಟಾದ ಮೇಲೆ ದೀಪ ಯಾರು ದೊಡ್ಡದು ಮಾಡ್ತಾರೆ? ನನಗೆ ಮಂಡಿ ಬಗ್ಗಲ್ಲ."

ಶಂಭುಲಿಂಗ ಚೀಲ ಕೆಳಗಿಟ್ಟ. ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

"ಬುದ್ಧಿ, ಈ ಸಲ ಸರಿಯಾಗಿ ತಿಳ್ಕೊಂಡುಬಿಡ್ತೀನಿ. ದೊಡ್ಡದು ಮಾಡು ಅಂದ್ರೆ ಆರಿಸೋದಾ, ಉರಿಸೋದಾ? ಯಾವಾಗ ಯಾವುದು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಹೊರಗೆ ಬೇವಿನ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು.

"ನನ್ನ ಕೇಳ್ಬೇಡ ಮಗ" ಅಂದರು ಗುರುಗಳು. "ಗಾಳೀನ ಕೇಳು."