ಸುಡೊಕುವಿನ ಕೊನೆಯ ಮನೆ

ತುಂಗಜ್ಜಿಗೆ ಒಂದು ಸುಡೊಕು ಬಿಡಿಸದೆ ನಿದ್ದೆ ಬರುತ್ತಿರಲಿಲ್ಲ. ಹೊಸ ಪೆನ್ಸಿಲ್ ಬಂದ ಮೊದಲ ರಾತ್ರಿಯೂ ಅಷ್ಟೆ, ಪುಟವೆಲ್ಲ ತುಂಬಿಸಿ, ಒಂದೇ ಒಂದು ಮನೆ ಖಾಲಿ ಬಿಟ್ಟು, ನಗುತ್ತ ದೀಪ ಆರಿಸಿದರು.

ಪೆನ್ಸಿಲ್‌ಗೆ ಅದು ಅವಮಾನವೆನಿಸಿತು. "ಅಲ್ಲಿ ಏಳು ಬರಬೇಕು. ಅಜ್ಜಿಗೆ ಹೊಳೆದಿಲ್ಲ, ನಾನೇ ಬರೆಯುತ್ತೇನೆ."

"ಬೇಡ," ಎಂದಿತು ಹಳೆಯ ರಬ್ಬರ್. ಪೆನ್ಸಿಲ್ ಕೇಳಲಿಲ್ಲ, ಬರೆದೇಬಿಟ್ಟಿತು.

ಮರುರಾತ್ರಿ ತುಂಬಿದ ಪುಟ ಕಂಡು ಅಜ್ಜಿಯ ಮುಖ ಸಪ್ಪಗಾಯಿತು. ಹೊಸ ಪುಟಕ್ಕೆ ಕೈಯೇ ಹೋಗಲಿಲ್ಲ. ಬಹಳ ಹೊತ್ತು ಹೊರಳಾಡಿದರು.

"ನಾನು ಬರೆದದ್ದು ತಪ್ಪೇ?" ಪೆನ್ಸಿಲ್ ಕಂಗಾಲಾಯಿತು.

"ಉತ್ತರ ಸರಿಯೇ. ಆದರೆ ನಾಳೆಯ ಮೊಸರಿಗೆಂದು ಅವರು ಎತ್ತಿಟ್ಟ ಹೆಪ್ಪನ್ನು ನೀನು ನೆಕ್ಕಿಬಿಟ್ಟೆ," ಎಂದ ರಬ್ಬರ್ ಉರುಳಿಕೊಂಡು ಹೋಗಿ ಏಳನ್ನು ಅಳಿಸಿತು.

ಮಾರನೆಯ ರಾತ್ರಿ ಖಾಲಿ ಮನೆ ಕಂಡು ಅಜ್ಜಿ ಅರಳಿದರು. "ಬಾರಪ್ಪ, ನಿನ್ನಿಂದಲೇ ಶುರು," ಎಂದು ಏಳು ಬರೆದು, ಅದೇ ಹುರುಪಿನಲ್ಲಿ ಹೊಸ ಪುಟ ತುಂಬಿಸುತ್ತ ಹೋದರು. ಒಂದೇ ಮನೆ ಉಳಿದಾಗ ಅವರ ಕಣ್ಣು ಎಳೆಯತೊಡಗಿತು. ಪೆನ್ಸಿಲ್ ತಾನಾಗಿಯೇ ಬೆರಳಿನಿಂದ ಜಾರಿ, ರಬ್ಬರಿನ ಪಕ್ಕ ಹಾಯಾಗಿ ಮಲಗಿಕೊಂಡಿತು.